ಕೈ ಮೊದಲು, ಸದ್ದು ಆಮೇಲೆ: ಆರ್ಕೆಸ್ಟ್ರಾ ನಡೆಸಲು ಕಲಿಯುವವರಿಗೆ ಒಂದು ಮಾರ್ಗದರ್ಶಿ

ನುಡಿಸುವವರ ಮುಂದೆ ಸ್ವರಲಿಪಿ ಇದೆ. ಅವರಿಗೆ ನುಡಿಸಲೂ ಚೆನ್ನಾಗಿ ಬರುತ್ತದೆ. ಹಾಗಿದ್ದ ಮೇಲೆ ಮುಂದೆ ನಿಂತು ಕೋಲು ಆಡಿಸುವವರ ಕೆಲಸ ಏನು? ಆರ್ಕೆಸ್ಟ್ರಾ ಕಂಡಕ್ಟರ್ ಬಗ್ಗೆ ಮಾತು ಬಂದಾಗಲೆಲ್ಲ ಓದುಗರು ಕೇಳುವ ಮೊದಲ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೆರಡು ಬರುತ್ತವೆ. ಯಾವ ಕೋಲು ಕೊಳ್ಳಬೇಕು? ಎಲ್ಲಿಂದ ಶುರು ಮಾಡಬೇಕು?

ಮೂರಕ್ಕೂ ಇಲ್ಲಿ ಉತ್ತರ ಇದೆ. ನಿಮಗೆ ಪಾಶ್ಚಾತ್ಯ ಸ್ವರಲಿಪಿ ಓದಲು ಒಂದಿಷ್ಟು ಬರುತ್ತದೆ, ಒಂದು ವಾದ್ಯವನ್ನಾದರೂ ನುಡಿಸಿದ್ದೀರಿ ಅಥವಾ ಗುಂಪಿನಲ್ಲಿ ಹಾಡಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಆರ್ಕೆಸ್ಟ್ರಾ ಎಂದರೆ ಇಲ್ಲಿ ಸಿಂಫನಿ ನುಡಿಸುವ ವಾದ್ಯವೃಂದ. ವಯಲಿನ್, ಚೆಲ್ಲೋದಂಥ ತಂತಿ ವಾದ್ಯಗಳು, ಫ್ಲೂಟ್, ಕ್ಲಾರಿನೆಟ್‌ನಂಥ ಊದುವ ವಾದ್ಯಗಳು, ಟ್ರಂಪೆಟ್, ಹಾರ್ನ್‌ನಂಥ ಹಿತ್ತಾಳೆ ವಾದ್ಯಗಳು, ಜೊತೆಗೆ ಬಡಿಯುವ ವಾದ್ಯಗಳು.

ಕಂಡಕ್ಟರ್ ಕೆಲಸ ಏನು?

ಕಂಡಕ್ಟರ್ ಇಲ್ಲದೆಯೂ ಆರ್ಕೆಸ್ಟ್ರಾ ನುಡಿಸಬಹುದು. ಇದನ್ನು ಮುಚ್ಚಿಡಬೇಕಾಗಿಲ್ಲ. ಮಾಸ್ಕೋದಲ್ಲಿ 1922ರಲ್ಲಿ ಶುರುವಾದ ಪೆರ್ಸಿಮ್‌ಫಾನ್ಸ್ ಎಂಬ ತಂಡ ಸುಮಾರು ಹತ್ತು ವರ್ಷ ಹಾಗೇ ನುಡಿಸಿತು. ನ್ಯೂಯಾರ್ಕ್‌ನಲ್ಲಿ 1972ರಲ್ಲಿ ಹುಟ್ಟಿದ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ ಕೂಡ ಕಂಡಕ್ಟರ್ ಇಲ್ಲದ ತಂಡವೆಂದೇ ಹೆಸರಾಯಿತು. ಆದರೆ ಹಾಗೆ ನುಡಿಸಬೇಕಾದರೆ ಪ್ರತಿಯೊಂದು ತೀರ್ಮಾನವನ್ನೂ ಎಲ್ಲರೂ ಕೂತು ಮಾತಾಡಿ ಮಾಡಬೇಕು. ಎಂಬತ್ತು ಜನ ಕೂತರೆ ಅದು ಮುಗಿಯುವ ಮಾತಲ್ಲ. ಮೇಲಾಗಿ, ಹಿಂದೆ ಕೂತ ಟ್ರೊಂಬೋನ್‌ನವರಿಗೆ ಮುಂದಿನ ವಯಲಿನ್ ಸರಿಯಾಗಿ ಕೇಳುವುದಿಲ್ಲ. ಡಬಲ್ ಬಾಸ್‌ನವರಿಗೆ ಫ್ಲೂಟ್ ಕೇಳುವುದಿಲ್ಲ. ಎಲ್ಲ ಸದ್ದೂ ಒಂದು ಕಡೆ ಸೇರುವ ಜಾಗದಲ್ಲಿ ನಿಂತು ಕೇಳುವ ಒಬ್ಬರು ಬೇಕು.

ಆ ಒಬ್ಬರು ಮಾಡುವ ಕೆಲಸಗಳು ಇವು. ಕೃತಿಯನ್ನು ಹೇಗೆ ನುಡಿಸಬೇಕೆಂದು ತೀರ್ಮಾನಿಸುವುದು. ರಿಹರ್ಸಲ್‌ನಲ್ಲಿ ಅದನ್ನು ತಿದ್ದಿ ತೀಡುವುದು. ವೇದಿಕೆಯ ಮೇಲೆ ವೇಗ, ದನಿಯ ಏರಿಳಿತ, ಯಾರು ಯಾವಾಗ ಒಳಗೆ ಬರಬೇಕು ಎಂಬುದನ್ನು ಕೈಯಲ್ಲಿ ತೋರಿಸುವುದು. ಸಭಿಕರಿಗೆ ಕಾಣುವುದು ಕೊನೆಯದು ಮಾತ್ರ. ದೊಡ್ಡ ಪಾಲು ಕೆಲಸ ಅದಕ್ಕೂ ಮುಂಚೆಯೇ ಮುಗಿದಿರುತ್ತದೆ.

ಈ "ಮುಂಚೆ" ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕೋಲು ಸದ್ದು ಮಾಡುವುದಿಲ್ಲ. ಆದ್ದರಿಂದ ಕಂಡಕ್ಟರ್ ತೋರಿಸುವುದೆಲ್ಲ ಸದ್ದಿಗಿಂತ ಮೊದಲು ಬರಬೇಕು. ಹೊಸಬರ ಮುಕ್ಕಾಲು ಪಾಲು ತೊಂದರೆಗಳು ಇದನ್ನು ಮರೆತಾಗಲೇ ಬರುತ್ತವೆ.

ಏನೇನು ಬೇಕು?

ಸ್ಕೋರ್: ಎಲ್ಲ ವಾದ್ಯಗಳ ಸ್ವರಲಿಪಿಯನ್ನೂ ಒಂದರ ಕೆಳಗೊಂದು ಜೋಡಿಸಿದ ಪುಸ್ತಕ. ನುಡಿಸುವವರ ಬಳಿ ಇರುವುದು ಅವರವರ ಭಾಗದ ಹಾಳೆ ಮಾತ್ರ, ಅದಕ್ಕೆ ಪಾರ್ಟ್ ಎನ್ನುತ್ತಾರೆ. ಓದಲು ಚಿಕ್ಕ ಸ್ಕೋರ್ ಸಾಕು. ನಿಂತು ನಡೆಸಲು ದೊಡ್ಡ ಅಚ್ಚಿನದ್ದೇ ಬೇಕು. ಹಕ್ಕುಸ್ವಾಮ್ಯ ಮುಗಿದ ಹಳೆಯ ಕೃತಿಗಳ ಸ್ಕೋರ್‌ಗಳು ಐಎಂಎಸ್‌ಎಲ್‌ಪಿ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಎಚ್ಚರಿಕೆ: ನಿಮ್ಮ ಸ್ಕೋರ್ ಮತ್ತು ಅವರ ಪಾರ್ಟ್ ಒಂದೇ ಮುದ್ರಣದ್ದಾಗಿರಲಿ. ಬೇರೆಯಾದರೆ ಬಾರ್‌ಗಳ (ಬಾರ್ ಎಂದರೆ ತಾಳದ ಒಂದು ಸುತ್ತು, ನಮ್ಮ ಆವರ್ತದಂತೆ) ಸಂಖ್ಯೆ, ಗುರುತಿನ ಅಕ್ಷರಗಳು ಹೊಂದದೆ ರಿಹರ್ಸಲ್‌ನ ಸಮಯವೆಲ್ಲ ಹುಡುಕಾಟದಲ್ಲೇ ಹೋಗುತ್ತದೆ.

ಬ್ಯಾಟನ್: ಅಂದರೆ ಕೋಲು. ಸಾಮಾನ್ಯವಾಗಿ 30ರಿಂದ 40 ಸೆಂಟಿಮೀಟರ್ ಉದ್ದ. ಮರ, ಫೈಬರ್‌ಗ್ಲಾಸ್, ಕಾರ್ಬನ್ ಫೈಬರ್‌ಗಳಲ್ಲಿ ಬರುತ್ತದೆ. ಹಿಡಿ ಬೆಂಡಿನದ್ದು ಅಥವಾ ಮರದ್ದು. ಬಿಳಿ ಬಣ್ಣದ್ದನ್ನೇ ಆರಿಸಿ, ಕಪ್ಪು ಬಟ್ಟೆಯ ಎದುರು ದೂರಕ್ಕೂ ಕಾಣುತ್ತದೆ. ಅಂಗೈ ನಡುವಿನಿಂದ ಮೊಣಕೈ ಒಳಮಡಿಕೆಯವರೆಗಿನ ಉದ್ದ ನಿಮಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಕೊಳ್ಳುವಾಗ ಹಿಡಿ ಮತ್ತು ಕಡ್ಡಿ ಸೇರುವ ಜಾಗವನ್ನು ಒಂದು ಬೆರಳಿನ ಮೇಲಿಟ್ಟು ನೋಡಿ. ಕೋಲು ಅಲ್ಲೇ ತೂಗಿ ನಿಂತರೆ ಒಳ್ಳೆಯದು. ಮುಂದಕ್ಕೆ ವಾಲಿದರೆ ಅರ್ಧ ಗಂಟೆಯಲ್ಲಿ ಮಣಿಕಟ್ಟು ನೋಯುತ್ತದೆ.

ಇನ್ನುಳಿದದ್ದು ಚಿಲ್ಲರೆ ಸಾಮಾನು: ಮೆತ್ತನೆ ಸೀಸದ ಪೆನ್ಸಿಲ್, ರಬ್ಬರ್, ಮೆಟ್ರೊನೋಮ್ (ನಿಮಿಷಕ್ಕೆ ಇಷ್ಟು ಎಂದು ಎಣಿಕೆ ಬಡಿಯುವ ಸಾಧನ, ಫೋನಿನ ಆ್ಯಪ್ ಆದರೂ ಸಾಕು), ಆಳೆತ್ತರದ ಕನ್ನಡಿ, ವಿಡಿಯೊ ಮಾಡಲು ಒಂದು ಫೋನ್. ನಿಲ್ಲುವ ಮಣೆ, ಅಂದರೆ ಪೋಡಿಯಂ, ಮತ್ತು ಸ್ಕೋರ್ ಇಡುವ ಸ್ಟ್ಯಾಂಡ್ ರಿಹರ್ಸಲ್ ಕೋಣೆಯಲ್ಲೇ ಇರುತ್ತವೆ.

ಕೋಲು ಬೇಕೇ ಬೇಕಾ? ಬೇಕೆಂದೇನಿಲ್ಲ. ಲಿಯೊಪೋಲ್ಡ್ ಸ್ಟೊಕೋವ್‌ಸ್ಕಿ, ಪಿಯರ್ ಬುಲೇಜ್ ಬರಿಗೈಯಲ್ಲೇ ನಡೆಸಿದವರು. ಆದರೂ ಕಲಿಯುವಾಗ ಕೋಲು ಹಿಡಿಯಿರಿ ಎಂದೇ ಹೇಳುತ್ತೇನೆ. ಕೋಲಿನ ತುದಿ ಒಂದು ಬಿಂದು. ನಿಮ್ಮ ಕೈ ಎಲ್ಲಿ ಮಸುಕಾಗಿದೆ ಎಂಬುದನ್ನು ಅದು ತಕ್ಷಣ ತೋರಿಸಿಕೊಡುತ್ತದೆ. ಈಗಿನ ಹಗುರ ಕೋಲು ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ. ಅದಕ್ಕೂ ಮೊದಲು ಮೊದಲ ವಯಲಿನ್‌ನವರೋ ಹಾರ್ಪ್ಸಿಕಾರ್ಡ್ (ಪಿಯಾನೊದಂಥ ಹಳೆಯ ವಾದ್ಯ) ನುಡಿಸುವವರೋ ನುಡಿಸುತ್ತಲೇ ತಂಡ ನಡೆಸುತ್ತಿದ್ದರು. ಕೆಲವೆಡೆ ದೊಡ್ಡ ದಂಡದಿಂದ ನೆಲ ಕುಟ್ಟಿ ತಾಳ ಹಾಕುತ್ತಿದ್ದರು. ಫ್ರಾನ್ಸಿನ ಸಂಗೀತಕಾರ ಜಾನ್-ಬ್ಯಾಪ್ಟಿಸ್ಟ್ ಲೂಲಿ 1687ರಲ್ಲಿ ಹಾಗೆ ಕುಟ್ಟುವಾಗ ದಂಡ ಕಾಲಿಗೆ ಬಿತ್ತು. ಗಾಯ ಕೊಳೆತು ತೀರಿಕೊಂಡರು.

ಹಂತ 1: ಸ್ಕೋರ್ ಓದಿ, ಕೈ ಆಡಿಸಬೇಡಿ

ಮೊದಲ ಕೆಲವು ದಿನ ಕೋಲನ್ನು ಮುಟ್ಟಲೇಬೇಡಿ. ಮೇಜಿನ ಮುಂದೆ ಕೂತು ಓದಿ.

ಪುಟದ ಮೇಲಿಂದ ಕೆಳಕ್ಕೆ ಒಂದು ಕ್ರಮ ಇದೆ. ಮೇಲೆ ಮರದ ಊದುವಾದ್ಯಗಳು: ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್. ಅದರ ಕೆಳಗೆ ಹಿತ್ತಾಳೆ: ಹಾರ್ನ್, ಟ್ರಂಪೆಟ್, ಟ್ರೊಂಬೋನ್, ಟ್ಯೂಬಾ. ಆಮೇಲೆ ಟಿಂಪನಿ ಮತ್ತು ಇತರ ಬಡಿಯುವ ವಾದ್ಯಗಳು. ಎಲ್ಲಕ್ಕಿಂತ ಕೆಳಗೆ ತಂತಿ ವಾದ್ಯಗಳು: ಮೊದಲ ವಯಲಿನ್, ಎರಡನೇ ವಯಲಿನ್, ವಿಯೋಲಾ, ಚೆಲ್ಲೋ, ಡಬಲ್ ಬಾಸ್. ಯಾರಾದರೂ ಒಂಟಿಯಾಗಿ ನುಡಿಸುವವರಿದ್ದರೆ ಅವರ ಸಾಲು ಸಾಮಾನ್ಯವಾಗಿ ತಂತಿ ವಾದ್ಯಗಳ ಮೇಲೇ ಇರುತ್ತದೆ.

ಹೊಸಬರು ಎಡವುವ ಎರಡು ಕಲ್ಲುಗಳು ಇಲ್ಲಿವೆ. ಒಂದು, ವಿಯೋಲಾದ ಕ್ಲೆಫ್. ಕ್ಲೆಫ್ ಎಂದರೆ ಯಾವ ಗೆರೆ ಯಾವ ಸ್ವರ ಎಂದು ಹೇಳುವ ಗುರುತು. ವಿಯೋಲಾಕ್ಕೆ ಬಳಸುವ ಆಲ್ಟೊ ಕ್ಲೆಫ್‌ನಲ್ಲಿ ನಡುವಿನ ಗೆರೆಯೇ ಮಧ್ಯ ಸಿ. ಇನ್ನೊಂದು ಟ್ರಾನ್ಸ್‌ಪೋಸಿಂಗ್ ವಾದ್ಯಗಳು, ಅಂದರೆ ಬರೆದ ಸ್ವರ ಒಂದು, ಕೇಳುವ ಸ್ವರ ಇನ್ನೊಂದು ಆಗುವಂಥವು. ಬಿ ಫ್ಲಾಟ್ ಕ್ಲಾರಿನೆಟ್‌ಗೆ ಸಿ ಎಂದು ಬರೆದಿದ್ದರೆ ಕೇಳುವುದು ಅದರ ಕೆಳಗಿನ ಬಿ ಫ್ಲಾಟ್. ಎಫ್ ಹಾರ್ನ್‌ಗೆ ಸಿ ಎಂದಿದ್ದರೆ ಕೇಳುವುದು ಅದರ ಕೆಳಗಿನ ಎಫ್. ಡಬಲ್ ಬಾಸ್ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ, ಪಿಕೊಲೊ ಒಂದು ಸ್ಥಾಯಿ ಮೇಲೆ. ಇದನ್ನು ಮರೆತು "ನಿಮ್ಮ ಸ್ವರ ತಪ್ಪು" ಎಂದು ಕ್ಲಾರಿನೆಟ್‌ನವರಿಗೆ ಹೇಳಿದರೆ, ಇಡೀ ತಂಡದ ನಂಬಿಕೆ ಅವತ್ತೇ ಅಲುಗಾಡುತ್ತದೆ. ಅನುಮಾನ ಬಂದಾಗ "ನಿಮ್ಮ ಹಾಳೆಯಲ್ಲಿ ಏನು ಬರೆದಿದೆ?" ಎಂದು ಕೇಳಿ. ಎಷ್ಟೋ ಸಲ ಅಚ್ಚಿನ ತಪ್ಪೇ ಸಿಗುತ್ತದೆ.

ಓದುವ ಬಗೆ ಹೀಗಿರಲಿ. ಮೊದಲು ಸುಮ್ನೆ ಪುಟ ತಿರುವಿ. ಎಲ್ಲಿ ವೇಗ ಬದಲಾಗುತ್ತದೆ, ಎಲ್ಲಿ ತಾಳ ಬದಲಾಗುತ್ತದೆ, ಎಲ್ಲಿ ಜೋರು, ಎಲ್ಲಿ ಮೆಲ್ಲಗೆ ಎಂದಷ್ಟೇ ನೋಡಿ. ಆಮೇಲೆ ಬಾರ್‌ಗಳನ್ನು ವಾಕ್ಯಗಳಾಗಿ ಗುಂಪು ಮಾಡಿ. ನಾಲ್ಕು ಬಾರ್ ಸೇರಿ ಒಂದು ಮಾತಾಯಿತೇ? ಎಂಟಾ? ಇದ್ದಕ್ಕಿದ್ದಂತೆ ಐದಾ? ಆ ಐದು ಬಾರ್‌ಗಳ ಮೇಲೆ ಒಂದು ಗುರುತು ಹಾಕಿ, ಅಲ್ಲಿ ಯಾರಾದರೂ ಎಣಿಕೆ ತಪ್ಪುವುದು ಖಂಡಿತ.

ಮೂರನೆಯ ಸಲ ಪ್ರತಿ ಸಾಲನ್ನೂ ಹಾಡಿ. ಹೌದು, ಎರಡನೇ ಬಸೂನ್‌ನದ್ದನ್ನೂ ಹಾಡಬೇಕು. ದನಿ ಚೆನ್ನಾಗಿರಬೇಕಿಲ್ಲ. ಹಾಡಿದ ಸಾಲು ಮಾತ್ರ ರಿಹರ್ಸಲ್‌ನಲ್ಲಿ ಕಿವಿಗೆ ಬೀಳುತ್ತದೆ. ಕಣ್ಣಿನಲ್ಲಷ್ಟೇ ಓದಿದ ಸಾಲು ಆ ಗದ್ದಲದಲ್ಲಿ ಕಳೆದೇ ಹೋಗುತ್ತದೆ. ಇದು ಬೇಸರದ ಕೆಲಸ, ಇದಕ್ಕೆ ಅಡ್ಡದಾರಿ ಇಲ್ಲ.

ರೆಕಾರ್ಡಿಂಗ್ ಕೇಳಬಹುದಾ? ಕೇಳಿ. ಆದರೆ ಸ್ಕೋರ್ ಓದಿದ ಮೇಲೆ ಕೇಳಿ, ಬೇರೆ ಬೇರೆ ಜನ ನಡೆಸಿದ್ದನ್ನು ಕೇಳಿ. ಒಂದನ್ನೇ ಇಪ್ಪತ್ತು ಸಲ ಕೇಳಿದರೆ ಅವರ ತೀರ್ಮಾನಗಳೇ ನಿಮ್ಮವೆಂದು ಅನಿಸಲು ಶುರುವಾಗುತ್ತದೆ.

ಹಂತ 2: ವೇಗವನ್ನು ಒಳಗೆ ಕೂರಿಸಿಕೊಳ್ಳಿ

ವೇಗಕ್ಕೆ ಟೆಂಪೊ ಎನ್ನುತ್ತಾರೆ. ಮೆಲ್ಟ್ಸೆಲ್ ಎಂಬುವವರು 1815ರಲ್ಲಿ ಮೆಟ್ರೊನೋಮ್‌ಗೆ ಪೇಟೆಂಟ್ ಪಡೆದ ಮೇಲೆ ಸಂಗೀತ ರಚಿಸುವವರು ವೇಗವನ್ನು ಅಂಕಿಯಲ್ಲಿ ಬರೆಯಲು ಶುರು ಮಾಡಿದರು. ಬೀಥೋವನ್ ತನ್ನ ಐದನೇ ಸಿಂಫನಿಯ ಮೊದಲ ಭಾಗಕ್ಕೆ ನಿಮಿಷಕ್ಕೆ 108 ಎಣಿಕೆ ಎಂದು ಕೊಟ್ಟಿದ್ದಾನೆ. ಪ್ರತಿ ಬಾರ್‌ಗೆ ಒಂದೇ ಎಣಿಕೆ. ಎಷ್ಟೋ ಕಂಡಕ್ಟರ್‌ಗಳು ಇದಕ್ಕಿಂತ ನಿಧಾನವಾಗಿ ನಡೆಸುತ್ತಾರೆ. ಅಂಕಿ ಕಣ್ಣುಮುಚ್ಚಿ ಪಾಲಿಸುವ ಕಟ್ಟಳೆಯಲ್ಲ, ಆದರೆ ಅದನ್ನು ತಿಳಿಯದೆ ಬಿಡುವುದೂ ತಪ್ಪು.

ಅಭ್ಯಾಸ ಹೀಗೆ. ಮೆಟ್ರೊನೋಮ್ ಹಾಕದೆ ಮನಸ್ಸಿನಲ್ಲೇ ಕೃತಿಯ ಒಂದು ಸಾಲು ಹಾಡಿಕೊಳ್ಳಿ. ಆಮೇಲೆ ಮೆಟ್ರೊನೋಮ್ ಹಾಕಿ ನೋಡಿ, ಎಷ್ಟು ವ್ಯತ್ಯಾಸ ಬಂತು? ಬೆಳಿಗ್ಗೆ, ರಾತ್ರಿ, ನಡೆದು ದಣಿದಾಗ, ಎಲ್ಲ ಹೊತ್ತಿನಲ್ಲೂ ಮಾಡಿ. ಎದೆಬಡಿತ ಜೋರಾದಾಗ ಎಲ್ಲರೂ ಓಡುತ್ತಾರೆ. ಸಂಗೀತ ಕಛೇರಿಯ ದಿನ ನಿಮ್ಮ ಎದೆ ಜೋರಾಗೇ ಬಡಿಯುತ್ತಿರುತ್ತದೆ.

ಹಂತ 3: ನಿಲುವು ಮತ್ತು ಹಿಡಿತ

ಕಾಲುಗಳ ನಡುವೆ ಭುಜದಗಲ ಬಿಟ್ಟು ನಿಲ್ಲಿ. ಭುಜ ಸಡಿಲ. ಮೊಣಕೈ ದೇಹಕ್ಕೆ ಅಂಟದಿರಲಿ. ಕೋಲಿನ ಹಿಡಿಯ ಮುಂಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ಹಿಡಿಯಿರಿ. ಉಳಿದ ಬೆರಳುಗಳು ಹಿಡಿಯನ್ನು ಮೆಲ್ಲಗೆ ಸುತ್ತಿರಲಿ, ಅದರ ಗುಂಡು ಅಂಗೈಯಲ್ಲಿ ಕೂತಿರಲಿ. ಅಂಗೈ ನೆಲದ ಕಡೆಗೆ. ಕೋಲು ಮುಂಗೈನ ಮುಂದುವರಿದ ಗೆರೆಯಂತೆ ಕಾಣಬೇಕು.

ಕೋಲು ಬಲಗೈಯಲ್ಲಿರುವುದು ರೂಢಿ. ಎಡಗೈಯವರು ಏನು ಮಾಡಬೇಕು ಎಂದು ತುಂಬಾ ಜನ ಕೇಳುತ್ತಾರೆ. ಫಿನ್‌ಲೆಂಡಿನ ಪಾವೊ ಬರ್ಗ್ಲಂಡ್ ಎಡಗೈಯಲ್ಲೇ ಕೋಲು ಹಿಡಿದು ದೊಡ್ಡ ಆರ್ಕೆಸ್ಟ್ರಾಗಳನ್ನು ನಡೆಸಿದರು, ಹಾಗಾಗಿ ಆಗದ ಮಾತಲ್ಲ. ಆದರೆ ನುಡಿಸುವವರ ಕಣ್ಣು ಬಲಗೈಗೆ ಒಗ್ಗಿದೆ. ಹೊಸದಾಗಿ ಕಲಿಯುವುದಾದರೆ ಬಲಗೈಯಲ್ಲೇ ಪ್ರಯತ್ನಿಸಿ ನೋಡುವುದು ಒಳ್ಳೆಯದು.

ತಪ್ಪುಗಳು: ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿ ಹಿಡಿತ, ಕಿವಿಯ ತನಕ ಏರಿದ ಭುಜ, ಪ್ರತಿ ಎಣಿಕೆಗೂ ಮಡಚುವ ಮಂಡಿ, ನೆಲ ತಟ್ಟುವ ಪಾದ. ಕೊನೆಯದನ್ನು ಮೊದಲು ಬಿಡಿ. ಕೋಲು ಹೇಳುವ ವೇಗ ಒಂದು, ಪಾದ ಹೇಳುವ ವೇಗ ಇನ್ನೊಂದು ಆದರೆ ಮುಂದಿನ ಸಾಲಿನವರು ಕಿವಿಯನ್ನೇ ನಂಬುತ್ತಾರೆ.

ಹಂತ 4: ಎಣಿಕೆಯ ನಕ್ಷೆಗಳು

ಗಾಳಿಯಲ್ಲಿ ಹೊಟ್ಟೆಯ ಮೇಲ್ಭಾಗದ ಎತ್ತರಕ್ಕೆ ಒಂದು ಮೇಜಿದೆ ಎಂದುಕೊಳ್ಳಿ. ಕೋಲಿನ ತುದಿ ಆ ಮೇಜನ್ನು ತಟ್ಟಿ ಪುಟಿಯುತ್ತದೆ. ತಟ್ಟುವ ಆ ಬಿಂದುವಿಗೆ ಇಕ್ಟಸ್ ಎನ್ನುತ್ತಾರೆ. ಎಣಿಕೆ ಬೀಳುವುದು ಅಲ್ಲಿಯೇ.

ಎರಡರ ತಾಳ: ಕೆಳಗೆ, ಮೇಲೆ.
ಮೂರರ ತಾಳ: ಕೆಳಗೆ, ಬಲಕ್ಕೆ, ಮೇಲೆ.
ನಾಲ್ಕರ ತಾಳ: ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲೆ.
ಆರರ ತಾಳ ನಿಧಾನವಾಗಿದ್ದರೆ: ಕೆಳಗೆ, ಎಡಕ್ಕೆ, ಇನ್ನಷ್ಟು ಎಡಕ್ಕೆ, ಬಲಕ್ಕೆ, ಇನ್ನಷ್ಟು ಬಲಕ್ಕೆ, ಮೇಲೆ. ವೇಗವಾಗಿದ್ದರೆ ಎರಡರಂತೆ ಹಾಕಿದರೆ ಸಾಕು.

ಇಲ್ಲಿನ ಎಡ, ಬಲ ನಿಮ್ಮ ಕಡೆಯಿಂದ. ಎಲ್ಲ ತಾಳಕ್ಕೂ ಮೊದಲನೆಯದು ಕೆಳಗೆ, ಕೊನೆಯದು ಮೇಲೆ. ಎಣಿಕೆ ತಪ್ಪಿದವರು ನಿಮ್ಮನ್ನು ನೋಡಿ ಮತ್ತೆ ಸೇರಿಕೊಳ್ಳುವುದು ಆ ಮೊದಲ ಪೆಟ್ಟಿನಲ್ಲೇ. ಹಾಗಾಗಿ ಅದು ಉಳಿದವಕ್ಕಿಂತ ಬೇರೆಯಾಗಿ ಕಾಣಲೇಬೇಕು. ಐದರ ತಾಳವನ್ನು ಎರಡು ಮತ್ತು ಮೂರಾಗಿಯೋ ಮೂರು ಮತ್ತು ಎರಡಾಗಿಯೋ ಒಡೆಯುತ್ತಾರೆ. ಸಂಗೀತ ಹೇಗೆ ಒಡೆದಿದೆಯೋ ಹಾಗೆ. ಚೈಕೋವ್‌ಸ್ಕಿಯ ಆರನೇ ಸಿಂಫನಿಯ ಎರಡನೇ ಭಾಗ ಐದರ ತಾಳದ್ದು, ಅಲ್ಲಿ ಎರಡು ಮೊದಲು, ಮೂರು ಆಮೇಲೆ.

ಕನ್ನಡಿಯ ಮುಂದೆ ಇವನ್ನು ದಿನವೂ ಹಾಕಿ. ನಕ್ಷೆ ಯೋಚಿಸದೆ ಬರುವವರೆಗೂ ಹಾಕಿ. ಅಳತೆಯ ಬಗ್ಗೆ ಒಂದು ಮಾತು: ಮೆಲ್ಲಗಿನ ಜಾಗಕ್ಕೆ ಅಂಗೈಯಗಲ ಸಾಕು, ಜೋರಿಗೆ ದೊಡ್ಡದು. ಹೊಸಬರು ಎಲ್ಲವನ್ನೂ ದೊಡ್ಡದಾಗೇ ಹಾಕುತ್ತಾರೆ. ಆಮೇಲೆ ನಿಜವಾಗಿ ಜೋರು ಬಂದಾಗ ಕೈ ಹೋಗಲು ಜಾಗವೇ ಉಳಿದಿರುವುದಿಲ್ಲ.

ಹಂತ 5: ಅಪ್‌ಬೀಟ್, ಎಲ್ಲಕ್ಕಿಂತ ಮುಖ್ಯವಾದದ್ದು

ಇದೊಂದು ಹಂತಕ್ಕೆ ಉಳಿದೆಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ.

ಅಪ್‌ಬೀಟ್ ಎಂದರೆ ಸಂಗೀತ ಶುರುವಾಗುವ ಮೊದಲಿನ ಒಂದು ಎಣಿಕೆ. ಕೈ ಮೇಲಕ್ಕೆ ಹೋಗಿ ಮೊದಲ ಪೆಟ್ಟಿನ ಕಡೆ ಇಳಿಯುವ ಆ ಒಂದು ಚಲನೆ. ಆ ಒಂದೇ ಎಣಿಕೆಯಲ್ಲಿ ಮೂರು ಸಂಗತಿ ಹೇಳಬೇಕು: ಎಷ್ಟು ವೇಗ, ಎಷ್ಟು ಜೋರು, ಯಾವ ಭಾವ. ಊದುವವರು ಆ ಹೊತ್ತಿನಲ್ಲೇ ಉಸಿರೆಳೆದುಕೊಳ್ಳುತ್ತಾರೆ. ತಂತಿಯವರು ಕಮಾನನ್ನು ಅಣಿ ಮಾಡುತ್ತಾರೆ. ಅಪ್‌ಬೀಟ್ ಸರಿ ಇದ್ದರೆ ಮೊದಲ ಸ್ವರ ತಾನಾಗಿ ಸರಿ ಬರುತ್ತದೆ. ಅದು ಅಳುಕಿದ್ದರೆ ಆಮೇಲೆ ಏನು ಮಾಡಿದರೂ ಮೊದಲ ಎರಡು ಬಾರ್ ಕೆಟ್ಟ ಹಾಗೇ.

ಹೀಗೆ ಮಾಡಿ. ಕೈಗಳನ್ನು ಎತ್ತಿ ನಿಲ್ಲಿಸಿ. ಎಲ್ಲರೂ ನಿಮ್ಮನ್ನು ನೋಡುತ್ತಿದ್ದಾರಾ ಎಂದು ಕಣ್ಣಾಡಿಸಿ. ಮನಸ್ಸಿನಲ್ಲಿ ಮೊದಲ ಎರಡು ಬಾರ್ ಹಾಡಿಕೊಳ್ಳಿ, ನಡೆಯಬೇಕಾದ ವೇಗದಲ್ಲೇ. ಆ ಹಾಡು ಒಳಗೆ ಓಡುತ್ತಿರುವಾಗಲೇ ಉಸಿರೆಳೆದುಕೊಳ್ಳುತ್ತಾ ಕೈ ಎತ್ತಿ. ನಿಮ್ಮ ಉಸಿರು ಅವರ ಉಸಿರು ಒಂದಾಗಬೇಕು. ವಯಲಿನ್‌ಗೆ ಉಸಿರು ಬೇಡವಲ್ಲ ಎಂದು ಬಿಡಬೇಡಿ, ಅವರೂ ನಿಮ್ಮ ಜೊತೆ ಉಸಿರಾಡುತ್ತಾರೆ.

ಇಲ್ಲಿನ ಮಾಮೂಲಿ ತಪ್ಪು, ಅಪ್‌ಬೀಟ್ ಒಂದು ವೇಗದಲ್ಲಿ, ಮುಂದಿನ ಎಣಿಕೆಗಳು ಇನ್ನೊಂದರಲ್ಲಿ. ನಾನು ಮೊದಲ ಸಲ ಒಂದು ತಂಡದ ಮುಂದೆ ನಿಂತಾಗ ಆದದ್ದೂ ಇದೇ. ಅಪ್‌ಬೀಟ್ ಅವಸರದಲ್ಲಿ ಕೊಟ್ಟೆ, ತಂಡ ಅದೇ ವೇಗ ಹಿಡಿಯಿತು, ನಾನು ನಿಧಾನ ಮಾಡಲು ಹೋದೆ. ನಾಲ್ಕು ಬಾರ್ ಯಾರೂ ಯಾರ ಜೊತೆಗೂ ಇರಲಿಲ್ಲ. ತಂಡದ್ದು ಒಂದಿಷ್ಟೂ ತಪ್ಪಿರಲಿಲ್ಲ. ನಾನು ತೋರಿಸಿದ್ದನ್ನೇ ಅವರು ನುಡಿಸಿದ್ದರು.

ಬೀಥೋವನ್‌ನ ಐದನೇ ಸಿಂಫನಿಯ ಆರಂಭವನ್ನು ಪಾಠವಾಗಿ ಇಟ್ಟುಕೊಳ್ಳಿ. ಎಲ್ಲರ ಕಿವಿಗೂ ಪರಿಚಯ ಇರುವ ಆ ನಾಲ್ಕು ಸ್ವರ, ಮೂರು ಚಿಕ್ಕವು, ಒಂದು ಉದ್ದ. ಕೇಳಲು ಸುಲಭ, ಶುರು ಮಾಡಲು ಬಹಳ ಕಷ್ಟ. ಯಾಕೆಂದರೆ ಮೊದಲ ಬಾರ್ ಸ್ವರದಿಂದ ಶುರುವಾಗುವುದಿಲ್ಲ, ಮೌನದಿಂದ ಶುರುವಾಗುತ್ತದೆ. ನಿಮ್ಮ ಪೆಟ್ಟು ಬೀಳುವುದು ಆ ಚಿಕ್ಕ ಮೌನದ ಮೇಲೆ. ಅದು ಬಿದ್ದ ಮೇಲೆ ಮೂರು ಸ್ವರ ಪುಟಿದು ಬರುತ್ತವೆ. ನಿಮಿಷಕ್ಕೆ 108 ಎಂದರೆ ಒಂದು ಬಾರ್‌ಗೆ ಸಿಗುವುದು ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎರಡನೇ ಬಾರ್‌ನಲ್ಲೇ ಉದ್ದ ಸ್ವರದ ಮೇಲೆ ಫರ್ಮಾಟಾ, ಅಂದರೆ ಎಣಿಕೆ ನಿಲ್ಲಿಸಿ ಸ್ವರವನ್ನು ಹಿಡಿದಿಡಿ ಎಂಬ ಗುರುತು. ತಂಡಕ್ಕೆ ವೇಗ ತಿಳಿಯಲು ಸಮಯವೇ ಇಲ್ಲ, ಅಲ್ವಾ? ಅದನ್ನು ಅಪ್‌ಬೀಟ್ ಒಂದೇ ತಿಳಿಸಬೇಕು. ಕೈ ಎತ್ತುವುದು ಒಂದು ಎಣಿಕೆ, ಇಳಿಸುವ ಪೆಟ್ಟು ಚೂಪಾಗಿ, ಅಳುಕಿಲ್ಲದೆ. ಜೊತೆಗೆ ಎರಡು ಮೂರು ಎಣಿಕೆ ಹಾಕಿ ತೋರಿಸಲು ಹೋದರೆ ಯಾವುದು ನಿಜವಾದ ಶುರು ಎಂದು ತಿಳಿಯದೆ ಯಾರೋ ಒಬ್ಬರು ಮುಂಚೆ ನುಗ್ಗುತ್ತಾರೆ.

ಇನ್ನೊಂದು ಬಲೆ ಇದೆ, ಇದು ತಂಡ ಸಿಕ್ಕ ಮೇಲೆ ಗೊತ್ತಾಗುವುದು. ಕೈ ಪೆಟ್ಟು ಹಾಕಿದ ಮೇಲೆ ಸದ್ದು ಒಂಚೂರು ತಡವಾಗಿ ಬರುತ್ತದೆ. ದೊಡ್ಡ ತಂಡ, ನಿಧಾನದ ಸಂಗೀತ ಇದ್ದರೆ ಇನ್ನೂ ತಡ. ಅದರ ಮೇಲೆ ದೂರದ ಲೆಕ್ಕವೂ ಸೇರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹತ್ತು ಮೀಟರ್ ಹಿಂದೆ ಕೂತ ಟ್ರಂಪೆಟ್ ನಿಮ್ಮನ್ನು ತಲುಪಲು ಸೆಕೆಂಡಿನ ನೂರರಲ್ಲಿ ಮೂರು ಭಾಗ ಬೇಕು. ಹೊಸಬರು ಆ ಸದ್ದಿಗಾಗಿ ಕಾಯುತ್ತಾರೆ. ಕೈ ಕಾದರೆ ತಂಡ ಇನ್ನೂ ನಿಧಾನವಾಗುತ್ತದೆ. ಆಗ ಕೈ ಮತ್ತೆ ಕಾಯುತ್ತದೆ. ಹೀಗೆ ಒಂದು ನಿಮಿಷದಲ್ಲಿ ವೇಗವೆಲ್ಲ ಇಳಿದುಹೋಗುತ್ತದೆ. ಕಾಯಬೇಡಿ. ಒಳಗಿನ ಹಾಡಿನ ಜೊತೆ ಮುಂದೆ ಸಾಗಿ. ಕಿವಿ ಈಗ ಆಗುತ್ತಿರುವುದನ್ನು ಕೇಳಲಿ, ಕೈ ಮುಂದೆ ಬರಬೇಕಾದದ್ದನ್ನು ತೋರಿಸಲಿ.

ಇದೇ ಕಾರಣಕ್ಕೆ ರೆಕಾರ್ಡಿಂಗ್ ಹಾಕಿ ಅದರ ಜೊತೆ ಕೈ ಆಡಿಸುವುದನ್ನು ನಾನು ಬೇಡವೆನ್ನುತ್ತೇನೆ. ಅಲ್ಲಿ ಸದ್ದು ಮೊದಲು, ಕೈ ಆಮೇಲೆ. ಉಲ್ಟಾ ಅಭ್ಯಾಸ ಆಗಿಬಿಡುತ್ತದೆ. ಅದರ ಬದಲು ಪಿಯಾನೊ ನುಡಿಸುವ ಒಬ್ಬ ಗೆಳೆಯರನ್ನೋ ನಾಲ್ಕು ಜನ ತಂತಿಯವರನ್ನೋ ಕೂರಿಸಿಕೊಳ್ಳಿ. ನಿಮ್ಮ ಕೈಯನ್ನು ಮಾತ್ರ ನೋಡಿ ನುಡಿಸಲು ಹೇಳಿ. ಬಾಯಿಂದ ಒಂದು ಮಾತೂ ಆಡದೆ, ಒಂದೇ ಸಾಲನ್ನು ಒಮ್ಮೆ ನಿಧಾನ, ಒಮ್ಮೆ ಚುರುಕು, ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಶುರು ಮಾಡಿಸಿ. ಬರೀ ಶುರು. ಹತ್ತು ಸಲ ಮಾಡಿಸಿದರೆ ಹತ್ತು ಸಲವೂ ನೀವು ಅಂದುಕೊಂಡದ್ದೇ ಬರಬೇಕು. ಇಡೀ ಸಂಜೆ ಇದಕ್ಕೇ ಹೋದರೂ ನಷ್ಟವಿಲ್ಲ.

ಹಂತ 6: ಎಡಗೈ

ಬಲಗೈ ಮಾಡಿದ್ದನ್ನೇ ಎಡಗೈಯಲ್ಲೂ ಮಾಡುವುದು ಹೊಸಬರೆಲ್ಲರ ಚಾಳಿ. ಬಿಡಿ. ಎಡಗೈಗೆ ಅದರದ್ದೇ ಕೆಲಸಗಳಿವೆ: ದನಿ ಏರಿಸುವುದು, ಇಳಿಸುವುದು, ಕ್ಯೂ ಕೊಡುವುದು, ಪುಟ ತಿರುವುವುದು. ಕೆಲಸ ಇಲ್ಲದಾಗ ಅದು ಹೊಟ್ಟೆಯ ಹತ್ತಿರ ಸುಮ್ಮನಿರಲಿ.

ಎರಡೂ ಕೈ ಬೇರೆಯಾಗಲು ಹಳೆಯ ಒಂದು ಅಭ್ಯಾಸ ಇದೆ. ಬಲಗೈ ನಾಲ್ಕರ ತಾಳ ಹಾಕುತ್ತಿರಲಿ. ಎಡಗೈ ಎಂಟು ಎಣಿಕೆಗಳಲ್ಲಿ ಸೊಂಟದಿಂದ ಮುಖದ ಎತ್ತರಕ್ಕೆ ಒಂದೇ ಸಮ ಏರಲಿ, ಮತ್ತೆ ಎಂಟರಲ್ಲಿ ಇಳಿಯಲಿ. ನಡುವೆ ಎಲ್ಲೂ ಕುಲುಕಬಾರದು. ಮೊದಲ ವಾರ ಕುಲುಕುತ್ತದೆ, ಆಮೇಲೆ ಸರಿಹೋಗುತ್ತದೆ.

ಕ್ಯೂ ಎಂದರೆ ಬಹಳ ಹೊತ್ತು ಸುಮ್ಮನಿದ್ದವರಿಗೆ "ಈಗ ನೀವು" ಎಂದು ತೋರಿಸುವುದು. ಅರವತ್ತು ಬಾರ್ ಎಣಿಸುತ್ತಾ ಕೂತ ಟ್ರೊಂಬೋನ್‌ನವರಿಗೆ ಅದು ದೊಡ್ಡ ಧೈರ್ಯ. ಕ್ಯೂ ಕೈಯಿಂದ ಶುರುವಾಗುವುದಿಲ್ಲ, ಕಣ್ಣಿನಿಂದ ಶುರುವಾಗುತ್ತದೆ. ಅವರು ಬರುವುದಕ್ಕೆ ಒಂದು ಬಾರ್ ಮುಂಚೆ ಅವರ ಕಡೆ ನೋಡಿ. ಒಂದು ಎಣಿಕೆ ಮುಂಚೆ ಉಸಿರು. ಆಮೇಲೆ ಕೈ. ಅವರು ಬರುವ ಕ್ಷಣಕ್ಕೇ ಕೈ ಚಾಚಿದರೆ ಅದು ಕ್ಯೂ ಅಲ್ಲ. ಎಲ್ಲರಿಗೂ ಎಲ್ಲ ಕಡೆಯೂ ಕ್ಯೂ ಕೊಡಲು ಹೋಗಬೇಡಿ. ಸ್ಕೋರ್ ಓದುವಾಗಲೇ ಅಗತ್ಯ ಇರುವ ಕಡೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ.

ಹಂತ 7: ನಿಲ್ಲಿಸುವುದು

ಸ್ವರ ಎಲ್ಲಿ ನಿಲ್ಲಬೇಕೆಂದು ತೋರಿಸುವುದಕ್ಕೆ ಕಟ್‌ಆಫ್ ಎನ್ನುತ್ತಾರೆ. ಕೈಯಿಂದ ಚಿಕ್ಕ ಸುತ್ತು ಹಾಕಿ ಮುಚ್ಚುವುದು. ಇದಕ್ಕೂ ಮುನ್ಸೂಚನೆ ಬೇಕು, ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಕಡೆ ನಿಲ್ಲುತ್ತಾರೆ. ಫರ್ಮಾಟಾ ಬಂದಾಗ ಮೊದಲೇ ತೀರ್ಮಾನಿಸಿ: ಹಿಡಿದ ಸ್ವರ ಮುಗಿದ ಮೇಲೆ ಮೌನ ಬೇಕಾ, ನೇರವಾಗಿ ಮುಂದಕ್ಕೆ ಹೋಗಬೇಕಾ? ನೇರ ಹೋಗುವುದಾದರೆ ಕಟ್‌ಆಫ್‌ನ ಸುತ್ತೇ ಮುಂದಿನದಕ್ಕೆ ಅಪ್‌ಬೀಟ್ ಆಗಬೇಕು.

ಹಂತ 8: ರಿಹರ್ಸಲ್

ಕೂರುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ನಿಮ್ಮ ಎಡಕ್ಕೆ ಮೊದಲ ವಯಲಿನ್, ಪಕ್ಕದಲ್ಲಿ ಎರಡನೇ ವಯಲಿನ್, ಬಲಕ್ಕೆ ವಿಯೋಲಾ ಮತ್ತು ಚೆಲ್ಲೋ, ಅವರ ಹಿಂದೆ ಡಬಲ್ ಬಾಸ್. ನಡುವೆ ಮರದ ಊದುವಾದ್ಯ, ಅದರ ಹಿಂದೆ ಹಿತ್ತಾಳೆ, ಕೊನೆಗೆ ಬಡಿಯುವ ವಾದ್ಯ. ಎರಡನೇ ವಯಲಿನ್‌ನವರನ್ನು ಬಲಕ್ಕೆ ಕೂರಿಸುವ ಹಳೆಯ ಪದ್ಧತಿಯೂ ಇದೆ. ಎರಡೂ ವಯಲಿನ್ ಗುಂಪುಗಳು ಒಂದಕ್ಕೊಂದು ಉತ್ತರ ಕೊಡುವ ಸಂಗೀತಕ್ಕೆ ಅದು ತುಂಬಾ ಚೆನ್ನ.

ಮೊದಲ ವಯಲಿನ್ ಗುಂಪಿನ ಮುಂದಿನ ಕುರ್ಚಿಯವರು ಕನ್ಸರ್ಟ್‌ಮಾಸ್ಟರ್. ತಂಡದ ಹಿರಿಯರು ಇವರೇ. ಕಮಾನು ಯಾವ ಸ್ವರಕ್ಕೆ ಮೇಲೆ, ಯಾವುದಕ್ಕೆ ಕೆಳಗೆ ಎಂಬ ಗುರುತುಗಳನ್ನು ಅವರ ಜೊತೆ ಕೂತು ರಿಹರ್ಸಲ್‌ಗೆ ಮುಂಚೆಯೇ ತೀರ್ಮಾನಿಸಿ, ಎಲ್ಲ ಪಾರ್ಟ್‌ಗಳಿಗೂ ಬರೆಸಿ. ಶ್ರುತಿ ಮಾಡಲು ಓಬೋದವರು ಎ ಸ್ವರ ಕೊಡುತ್ತಾರೆ. ಅಂತಾರಾಷ್ಟ್ರೀಯ ಅಳತೆ 440 ಹರ್ಟ್ಸ್. ಯುರೋಪಿನ ಎಷ್ಟೋ ತಂಡಗಳು 442 ಅಥವಾ 443 ಇಟ್ಟುಕೊಳ್ಳುತ್ತವೆ. ಶ್ರುತಿಯ ಹೊತ್ತಿನಲ್ಲಿ ಕೋಣೆ ನಿಶ್ಶಬ್ದವಾಗಿರಲಿ.

ಮೊದಲ ಸಲ ಒಂದು ಭಾಗವನ್ನು ನಿಲ್ಲಿಸದೆ ಪೂರ್ತಿ ನುಡಿಸಲು ಬಿಡಿ. ಸಣ್ಣ ತಪ್ಪುಗಳನ್ನು ಅವರೇ ಎರಡನೇ ಸಲಕ್ಕೆ ತಿದ್ದಿಕೊಳ್ಳುತ್ತಾರೆ. ಆಮೇಲೆ ನಿಲ್ಲಿಸಿದಾಗ ಏನು ಹೇಳಬೇಕೆಂದು ಗೊತ್ತಿದ್ದರೆ ಮಾತ್ರ ನಿಲ್ಲಿಸಿ. ಹೇಳುವ ಕ್ರಮವೂ ಮುಖ್ಯ: ಮೊದಲು ಯಾರು, ಆಮೇಲೆ ಎಲ್ಲಿ, ಆಮೇಲೆ ಏನು. "ವಿಯೋಲಾ, ಬಾರ್ 45, ಇನ್ನೂ ಮೆಲ್ಲಗೆ" ಎಂದರೆ ಮೂರೇ ಸೆಕೆಂಡು. "ಆ ಜಾಗದಲ್ಲಿ ಇದೆಯಲ್ಲ, ಅದು ಒಂಥರಾ ಭಾರವಾಯಿತು" ಎಂದರೆ ಅರವತ್ತು ಜನ ತಲೆ ಎತ್ತಿ ನೋಡುತ್ತಾರೆ, ಯಾರಿಗೂ ಅರ್ಥವಾಗುವುದಿಲ್ಲ.

ಮಾತು ಕಡಿಮೆ ಇರಲಿ. ಕೈಯಲ್ಲಿ ತೋರಿಸಲು ಆಗುವುದನ್ನು ಬಾಯಲ್ಲಿ ಹೇಳಬೇಡಿ. ಒಬ್ಬರ ತಪ್ಪನ್ನು ಎಲ್ಲರ ಮುಂದೆ ಎರಡು ಸಲಕ್ಕಿಂತ ಹೆಚ್ಚು ತಿದ್ದಬೇಡಿ, ಬಿಡುವಿನಲ್ಲಿ ಹೋಗಿ ಮಾತಾಡಿ. ತಪ್ಪು ನಿಮ್ಮದಾದರೆ "ನನ್ನದು" ಎಂದು ಕೈ ಎತ್ತಿ ಮುಂದೆ ಹೋಗಿ. ಅವರಿಗೆ ಹೇಗೂ ಗೊತ್ತಾಗಿರುತ್ತದೆ.

ಯಾವ ಹೊತ್ತಿಗೆ ಯಾವ ಭಾಗ ಎಂಬ ಪಟ್ಟಿಯನ್ನು ಮೊದಲೇ ಕಳಿಸಿ. ಅದೇ ಐದನೇ ಸಿಂಫನಿಯನ್ನು ನೋಡಿ: ಟ್ರೊಂಬೋನ್, ಪಿಕೊಲೊ, ಕಾಂಟ್ರಾಬಸೂನ್‌ಗೆ ಮೊದಲ ಮೂರು ಭಾಗಗಳಲ್ಲಿ ಒಂದು ಸ್ವರವೂ ಇಲ್ಲ. ನಾಲ್ಕನೇ ಭಾಗಕ್ಕೇ ಅವರು ಬರುವುದು. ಅವರನ್ನು ಎರಡು ಗಂಟೆ ಸುಮ್ನೆ ಕೂರಿಸುವುದು ಸರಿಯಲ್ಲ. ಆದರೆ ಮೂರನೇ ಭಾಗ ನಿಲ್ಲದೆ ನಾಲ್ಕನೆಯದಕ್ಕೆ ಹರಿಯುತ್ತದೆ. ಆ ಸೇರುವ ಜಾಗವನ್ನು ಮಾತ್ರ ಅವರಿದ್ದಾಗಲೇ ಒಂದೆರಡು ಸಲ ಮಾಡಿಸಿ.

ಹಂತ 9: ಕಛೇರಿಯ ದಿನ

ಸಭಾಂಗಣದಲ್ಲಿ ಸ್ವಲ್ಪ ನುಡಿಸಿ, ಯಾರನ್ನಾದರೂ ಹಿಂದಿನ ಸಾಲಿನಲ್ಲಿ ನಿಂತು ಕೇಳಲು ಹೇಳಿ. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತವೆ. ಖಾಲಿ ಸಭಾಂಗಣದ ಮೊಳಗು ಆಗ ಇರುವುದಿಲ್ಲ. ಪೋಡಿಯಂ ಅಲುಗಾಡುತ್ತದೆಯೇ, ಸ್ಟ್ಯಾಂಡ್ ನಿಮ್ಮ ಕೋಲಿಗೆ ತಗಲುತ್ತದೆಯೇ ನೋಡಿ. ಸ್ಟ್ಯಾಂಡ್ ತಗ್ಗಿನಲ್ಲಿರಲಿ. ಸ್ಟ್ಯಾಂಡ್ ಮೇಲೆ ಇನ್ನೊಂದು ಕೋಲು ಇಟ್ಟುಕೊಳ್ಳಿ, ಕೈಜಾರುವುದು ಅಪರೂಪವೇನಲ್ಲ.

ಕಣ್ಣು ಸ್ಕೋರ್‌ನಲ್ಲಿ ಹುದುಗಿರಬಾರದು. ಹಾಗೆಂದು ಪೂರ್ತಿ ಬಾಯಿಪಾಠ ಮಾಡಬೇಕಿಲ್ಲ. ಇಟಲಿಯ ಕಂಡಕ್ಟರ್ ಟೊಸ್ಕನೀನಿ ನೆನಪಿನಿಂದಲೇ ನಡೆಸುತ್ತಿದ್ದರು, ಅವರಿಗೆ ದೃಷ್ಟಿ ಮಂದವಿತ್ತು. ನಿಮಗೆ ಸ್ಕೋರ್ ಕಾಣುತ್ತದೆಯಾದರೆ ಇಟ್ಟುಕೊಳ್ಳಿ. ಕಣ್ಣು ಬಹುಪಾಲು ತಂಡದ ಮೇಲೆ, ಆಗಾಗ ಪುಟದ ಮೇಲೆ.

ಏನಾದರೂ ತಪ್ಪಿದರೆ, ಒಂದು ಗುಂಪು ಬೇಗ ಬಂದರೆ, ಕೈ ನಿಲ್ಲಿಸಬೇಡಿ. ಮೊದಲ ಪೆಟ್ಟನ್ನು ದೊಡ್ಡದಾಗಿ, ಸ್ಪಷ್ಟವಾಗಿ ಹಾಕುತ್ತಾ ಹೋಗಿ. ಅದನ್ನೇ ಹಿಡಿದು ಅವರು ವಾಪಸ್ ಬರುತ್ತಾರೆ. ಮುಖದಲ್ಲಿ ಸಿಟ್ಟು ಕಾಣಿಸಿದರೆ ತಪ್ಪಿದವರ ಜೊತೆ ತಪ್ಪದವರೂ ಅಂಜುತ್ತಾರೆ.

ಕೊನೆಯ ಸ್ವರ ಮುಗಿದ ಕೂಡಲೇ ಕೈ ಇಳಿಸಬೇಡಿ. ಕೈ ಮೇಲಿರುವವರೆಗೂ ಸಭೆ ಚಪ್ಪಾಳೆ ತಟ್ಟುವುದಿಲ್ಲ. ಆ ಮೌನವೂ ಕೃತಿಯ ಭಾಗವೇ. ಆಮೇಲೆ ನಿಧಾನವಾಗಿ ಕೈ ಇಳಿಸಿ, ಕನ್ಸರ್ಟ್‌ಮಾಸ್ಟರ್ ಕೈ ಕುಲುಕಿ, ಒಂಟಿಯಾಗಿ ನುಡಿಸಿದವರನ್ನು ಒಬ್ಬೊಬ್ಬರಾಗಿ ಎದ್ದು ನಿಲ್ಲಲು ಸನ್ನೆ ಮಾಡಿ, ಕೊನೆಗೆ ಎಲ್ಲರನ್ನೂ. ಆ ಗಡಿಬಿಡಿಯಲ್ಲಿ ಎರಡನೇ ಭಾಗದಲ್ಲಿ ನಾಲ್ಕೇ ಬಾರ್ ಚೆಂದವಾಗಿ ನುಡಿಸಿದ ಬಸೂನ್‌ನವರು ಮರೆತುಹೋಗುತ್ತಾರೆ. ಅವರ ಹೆಸರುಗಳನ್ನೆಲ್ಲ ಸ್ಕೋರ್‌ನ ಕೊನೆಯ ಪುಟದ ಅಡಿಯಲ್ಲಿ ಮುಂಚೆಯೇ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ.